ಮನೆಯವರನ್ನು ಪೊಲೀಸರು ಕರೆದೊಯ್ದರೆ: ವಕೀಲರ ಗುಂಪಿಗೆ ಫೋನ್ ಮಾಡುವ ಮುಂಚೆ, ಮಾಡಿದ ಮೇಲೆ

ರಾತ್ರಿ ಹನ್ನೊಂದರ ಮೇಲೆ ಬರುವ ಫೋನ್‌ಗಳು ಹೆಚ್ಚೂಕಮ್ಮಿ ಒಂದೇ ಥರ ಶುರುವಾಗುತ್ತವೆ.

"ಸಾರ್, ನಮ್ಮ ಹುಡುಗನ್ನ ಕರ್ಕೊಂಡು ಹೋದ್ರು."

ಯಾರಮ್ಮ? "ಪೊಲೀಸ್ರು." ಯಾವ ಸ್ಟೇಷನ್? "ಗೊತ್ತಿಲ್ಲ ಸಾರ್." ಎಷ್ಟೊತ್ತಿಗೆ? "ಊಟದ ಹೊತ್ತಿಗೆ." ಯೂನಿಫಾರಂ ಹಾಕಿದ್ರಾ? "ಕತ್ತಲಲ್ಲಿ ನೋಡ್ಲಿಲ್ಲ ಸಾರ್."

ನಾನು ವಕೀಲನಲ್ಲ. ಮಾನವ ಹಕ್ಕುಗಳ ಕೇಸು ನೋಡುವ ವಕೀಲರ ಗುಂಪೊಂದಕ್ಕೆ ಬರುವ ಫೋನ್ ಎತ್ತಿ, ಹೇಳಿದ್ದನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ವಕೀಲರಿಗೆ ಮುಟ್ಟಿಸುವ ಸ್ವಯಂಸೇವಕ. ಇಷ್ಟು ವರ್ಷ ಕೇಳಿಸಿಕೊಂಡ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ವಕೀಲರು ಎಷ್ಟೇ ಚುರುಕಾಗಿರಲಿ, ಮೊದಲ 24 ಗಂಟೆಯಲ್ಲಿ ಅವರಿಗೆ ಆಸರೆ ಎಂದರೆ ಮನೆಯವರು ಗುರುತು ಹಾಕಿಕೊಂಡ ಸಮಯ, ಕೈಗೆ ಸಿಕ್ಕ ಕಾಗದ. ಅರ್ಧ ಕೇಸನ್ನು ಮನೆಯವರೇ ಕಟ್ಟಿಕೊಡುತ್ತಾರೆ, ಇಲ್ಲವೇ ಕಳೆದುಕೊಳ್ಳುತ್ತಾರೆ. ಆ ಅರ್ಧ ಕೆಲಸ ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಗಡಿಯಾರ ನೋಡಿ

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯೇ ಹೀಗೆ ಹೇಳುತ್ತದೆ. ಕೋರ್ಟಿಗೆ ಕರೆದೊಯ್ಯುವ ಪ್ರಯಾಣದ ಹೊತ್ತು ಮಾತ್ರ ಇದರಲ್ಲಿ ಸೇರುವುದಿಲ್ಲ. ಕೇಳೋಕೆ ಸರಳ. ತೊಡಕಿರುವುದು ಆ 24 ಗಂಟೆ ಯಾವಾಗ ಶುರುವಾಯಿತು ಅನ್ನುವುದರಲ್ಲಿ. ಸಂಜೆ ಎಳೆದೊಯ್ದವನನ್ನು ಮಾರನೇ ದಿನ ಸಂಜೆ "ಬಂಧಿಸಲಾಯಿತು" ಅಂತ ಬರೆದುಬಿಟ್ಟರೆ, ನಡುವಿನ ಒಂದು ಇಡೀ ರಾತ್ರಿ ಕಾಗದದಲ್ಲೇ ಇರುವುದಿಲ್ಲ. ಹೊಡೆತ ಬೀಳುವುದು ಸಾಮಾನ್ಯವಾಗಿ ಆ ರಾತ್ರಿಯೇ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಮಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಮಫ್ತಿಯಲ್ಲಿ ಇಬ್ಬರು ಬಂದು ಕರೆದುಕೊಂಡು ಹೋದರು. ಜೀಪು ರಸ್ತೆ ತಿರುವಿನಲ್ಲಿ ನಿಂತಿತ್ತು. ಆಕೆ ಕೈಗೆ ಸಿಕ್ಕ ಗ್ಯಾಸ್ ಬಿಲ್ಲಿನ ಹಿಂದೆ ಬರೆದಿಟ್ಟರು: "7.40. ಜೀಪ್. ಕೊನೇ ನಾಲ್ಕು ನಂಬರ್." ಕೆಳಗೆ ನೋಡಿದ ಇಬ್ಬರು ಅಕ್ಕಪಕ್ಕದವರ ಹೆಸರು. 7.40 ಅಂತ ಹೇಗೆ ಗೊತ್ತಾಯ್ತಮ್ಮ ಅಂತ ಕೇಳಿದೆ. "ಏಳೂವರೆ ಸೀರಿಯಲ್‌ನಲ್ಲಿ ಮೊದಲನೇ ಅಡ್ವಟೈಸ್‌ಮೆಂಟ್ ಬಂದಿತ್ತು" ಅಂದರು. ಪೊಲೀಸರ ಕಾಗದದಲ್ಲಿ ಇದ್ದದ್ದು ಮಾರನೇ ದಿನ ಸಂಜೆ 5 ಗಂಟೆ, ಬಸ್ ನಿಲ್ದಾಣದ ಹತ್ತಿರ. ನಮ್ಮ ವಕೀಲರು ಆ ಬಿಲ್ಲನ್ನು ಮ್ಯಾಜಿಸ್ಟ್ರೇಟ್ ಮುಂದಿಟ್ಟರು. ಮ್ಯಾಜಿಸ್ಟ್ರೇಟ್ ಹುಡುಗನನ್ನೇ ನೇರವಾಗಿ ಕೇಳಿದರು. ಅವನು ಹೇಳಿದ್ದೂ ಬಿಲ್ಲಿನಲ್ಲಿದ್ದದ್ದೂ ಒಂದೇ ಆಗಿತ್ತು. ಅವತ್ತು ಪೊಲೀಸ್ ಕಸ್ಟಡಿ ಸಿಗಲಿಲ್ಲ.

ಹಾಗಾಗಿ ಅಳುವ ಮೊದಲು, ಯಾರಿಗೇ ಫೋನ್ ಮಾಡುವ ಮೊದಲು, ಒಂದು ಚೀಟಿ ತಗೊಳ್ಳಿ. ಸಮಯ, ಜಾಗ, ಗಾಡಿ ನಂಬರ್, ಬಂದವರು ಹೇಗಿದ್ದರು, ಏನು ಹೇಳಿದರು, ಯಾರು ನೋಡಿದರು ಅಂತ ಬರೆಯಿರಿ. ಅದರ ಫೋಟೊ ತೆಗೆದು ನಂಬಿಕಸ್ಥರಿಗೆ ವಾಟ್ಸಾಪ್ ಮಾಡಿ. ಆ ಮೆಸೇಜಿನ ಸಮಯವೂ ಒಂದು ಸಾಕ್ಷಿ. ಹಿಂದೆ ಹಳೇ ತಲೆಮಾರಿನ ವಕೀಲರು ಮನೆಯವರಿಗೆ ಹೇಳುತ್ತಿದ್ದ ಮೊದಲ ಮಾತು "ತಂತಿ ಕೊಡಿ" ಅಂತ. ಎಸ್‌ಪಿಗೆ, ಮ್ಯಾಜಿಸ್ಟ್ರೇಟಿಗೆ ಟೆಲಿಗ್ರಾಂ ಹೊಡೆದರೆ ತಂತಿ ಕಚೇರಿಯೇ ಸಮಯದ ಮುದ್ರೆ ಒತ್ತಿಕೊಡುತ್ತಿತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತುಹೋಯಿತು. ಈಗ ಆ ಕೆಲಸವನ್ನು ಇಮೇಲ್ ಮಾಡುತ್ತದೆ. ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಎರಡೇ ಸಾಲು ಕಳಿಸಿದರೂ ಸಾಕು: ಇಂಥವರನ್ನು ಇಷ್ಟು ಹೊತ್ತಿಗೆ ಇಲ್ಲಿಂದ ಕರೆದೊಯ್ದಿದ್ದಾರೆ, ಎಲ್ಲಿದ್ದಾರೆ ತಿಳಿಸಿ.

ಯಾರಿಗೆ ಫೋನ್ ಮಾಡಬೇಕು

ಎರಡು ಥರದ ಬಾಗಿಲುಗಳಿವೆ. ಎರಡನ್ನೂ ತಟ್ಟಿ, ಒಂದನ್ನೇ ನೆಚ್ಚಿಕೊಂಡು ಕೂರಬೇಡಿ.

ಮೊದಲನೆಯದು ಸರ್ಕಾರದ್ದೇ ವ್ಯವಸ್ಥೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ವಕೀಲರು ಉಚಿತ. ಇವರ ಆದಾಯ ಎಷ್ಟು ಅಂತ ಯಾರೂ ಕೇಳುವ ಹಾಗಿಲ್ಲ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಏನೆಂದರೆ, ಪೊಲೀಸ್ ವಶದಲ್ಲಿ ಅಥವಾ ಜೈಲಿನಲ್ಲಿರುವ ಯಾರೇ ಆದರೂ ಈ ಪಟ್ಟಿಯಲ್ಲಿದ್ದಾರೆ. ಜಿಲ್ಲಾ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, ತಾಲ್ಲೂಕಿನಲ್ಲಿ ತಾಲ್ಲೂಕು ಸಮಿತಿ. ಫೋನ್‌ನಲ್ಲಾದರೆ 15100. ಆರೋಪಿಗಳ ಪರ ವಾದಿಸೋಕೆ ಅಂತಲೇ ಪೂರ್ಣಾವಧಿ ವಕೀಲರನ್ನು ಇಟ್ಟುಕೊಳ್ಳುವ ವ್ಯವಸ್ಥೆಯೂ 2022ರಿಂದ ಜಿಲ್ಲೆಗಳಿಗೆ ಬಂದಿದೆ. "ಫ್ರೀ ವಕೀಲ್ರು ಸರಿಯಾಗಿ ನೋಡಲ್ಲ" ಅನ್ನುವ ಮಾತು ನಾನೂ ಕೇಳಿದ್ದೇನೆ. ಕೆಲವು ಕಡೆ ನಿಜ, ಕೆಲವು ಕಡೆ ಶುದ್ಧ ಸುಳ್ಳು. ರಿಮಾಂಡ್ ದಿನ, ಅಂದರೆ ಬಂಧಿತನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ದಿನ, ಯಾರೂ ಇಲ್ಲದಿರುವುದಕ್ಕಿಂತ ಯಾರಾದರೂ ಇರುವುದು ನೂರು ಪಾಲು ಮೇಲು.

ಎರಡನೆಯದು ಸ್ವತಂತ್ರ ಗುಂಪುಗಳು. ಜಯಪ್ರಕಾಶ ನಾರಾಯಣರು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಹುಟ್ಟುಹಾಕಿದ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಬರೀ ವಕೀಲರದ್ದಲ್ಲ, ಆದರೆ ಅದರೊಳಗೆ ವಕೀಲರು ತುಂಬಾ ಇದ್ದಾರೆ. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ 2000ದಲ್ಲಿ ಶುರುವಾದದ್ದು. ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್ ದೇಶದ ಹಲವು ಕಡೆ ಇದೆ. ವಕೀಲರದ್ದೇ ಆದ ಎಐಎಲ್‌ಯು, ಐಲಾಜ್‌ನಂಥ ಸಂಘಟನೆಗಳೂ ಇವೆ. ಹೆಚ್ಚಿನ ಊರುಗಳಲ್ಲಿ ಇವು ದೊಡ್ಡ ಆಫೀಸುಗಳಲ್ಲ. ನಾಲ್ಕಾರು ವಕೀಲರು, ಒಂದಿಷ್ಟು ಕಾನೂನು ವಿದ್ಯಾರ್ಥಿಗಳು, ನನ್ನಂಥ ಒಬ್ಬರೋ ಇಬ್ಬರೋ. ಎಲ್ಲ ಕೇಸನ್ನೂ ತಗೊಳ್ಳೋಕೆ ಆಗುವುದಿಲ್ಲ. ಆಗಲ್ಲ ಅಂದರೆ "ನಮ್ಮ ಊರಲ್ಲಿ ಯಾರನ್ನ ಕೇಳಲಿ?" ಅಂತ ಕೇಳಿ. ಆ ಒಂದು ನಂಬರ್ ಸಾಮಾನ್ಯವಾಗಿ ಸಿಗುತ್ತದೆ. ಶುಲ್ಕ, ಖರ್ಚು ಏನು ಎತ್ತ ಅಂತ ಮೊದಲೇ ಕೇಳಿಬಿಡಿ. ಇದರಲ್ಲಿ ಸಂಕೋಚ ಬೇಡ. ಕೋರ್ಟ್ ಗೇಟಿನಲ್ಲಿ ನಿಂತು "ನಮ್ಮ ಸಾಹೇಬ್ರು ನಾಳೆನೇ ಬಿಡಿಸ್ತಾರೆ" ಅನ್ನುವವರ ಹತ್ತಿರ ಮಾತ್ರ ದುಡ್ಡಿನ ಮಾತೇ ಆಡಬೇಡಿ.

ಫೋನ್‌ನಲ್ಲಿ ಹೇಳಬೇಕಾದ್ದು

ಕಥೆ ಆಮೇಲೆ ಹೇಳಬಹುದು. ಮೊದಲು ನನ್ನ ನೋಟ್‌ಬುಕ್ಕಿನ ಖಾನೆಗಳಿಗೆ ಬೇಕಾದ್ದು ಕೊಡಿ: ಹೆಸರು, ವಯಸ್ಸು, ಎಲ್ಲಿಂದ, ಎಷ್ಟೊತ್ತಿಗೆ, ಯಾವ ಠಾಣೆ ಅಂತ ಅಂದಾಜು, ದಿನಾ ತಗೊಳ್ಳುವ ಮಾತ್ರೆ ಏನಾದರೂ ಇದೆಯೇ, ಯಾವ ಭಾಷೆ ಅರ್ಥವಾಗುತ್ತದೆ.

ವಯಸ್ಸು ಯಾಕೆ ಅಂದರೆ, 18 ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ. ಅವರು ಹೋಗಬೇಕಾದ್ದು ಬಾಲನ್ಯಾಯ ಮಂಡಳಿಗೆ. ಶಾಲೆಯ ವರ್ಗಾವಣೆ ಪತ್ರವೋ ಮಾರ್ಕ್ಸ್ ಕಾರ್ಡೋ ಇದ್ದರೆ ಅದನ್ನು ಆಗಲೇ ಹುಡುಕಿಡಿ. ಭಾಷೆ ಯಾಕೆ ಅಂದರೆ, ಬಂಧನದ ಕಾರಣವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು, ರಿಮಾಂಡಿಗೆ ಕರೆದೊಯ್ಯುವ ಕನಿಷ್ಠ 2 ಗಂಟೆ ಮುಂಚೆಯಾದರೂ ಅದು ಕೈಗೆ ಸಿಗಬೇಕು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಕಟ್ಟಡ ಕೆಲಸದ ಹುಡುಗನಿಗೆ ಕನ್ನಡದ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಲೆಕ್ಕಕ್ಕೆ ಬರಬಾರದು.

ಹಳೇ ಕೇಸು ಇದ್ದರೆ ಮುಚ್ಚಿಡಬೇಡಿ. ನಾನು ಯಾರನ್ನೂ ಅಳೆಯೋಕೆ ಕೂತಿಲ್ಲ. "ಇವನ ಮೇಲೆ ಒಂದೂ ಕೇಸಿಲ್ಲ" ಅಂತ ವಕೀಲರು ಕೋರ್ಟಿನಲ್ಲಿ ಹೇಳಿದ ಮೇಲೆ ಸರ್ಕಾರಿ ವಕೀಲರು ಎದ್ದು ಮೂರು ಕ್ರೈಂ ನಂಬರ್ ಓದಿದರೆ, ಅವತ್ತಿನ ಜಾಮೀನು ಅರ್ಜಿ ಅಲ್ಲಿಗೇ ಮಗುಚಿಕೊಂಡಿತು ಅಂತಲೇ ಲೆಕ್ಕ.

ಠಾಣೆ ಬಾಗಿಲಲ್ಲಿ

ಹದಿನೈದು ಜನ ಹೋಗಬೇಡಿ. ಇಬ್ಬರು ಸಾಕು, ಒಬ್ಬರು ವಯಸ್ಸಾದವರಿದ್ದರೆ ಒಳ್ಳೆಯದು. ದನಿ ಏರಿಸಬೇಡಿ. ಒಳಗಿರುವವನ ಮೇಲೆ ಕೋಪ ತೀರಿಸಿಕೊಳ್ಳೋದು ಸುಲಭ ಅಲ್ವಾ.

ಮೊದಲು ಸಿಗುವ ಉತ್ತರ ನನಗೆ ಬಾಯಿಪಾಠ: "ಅರೆಸ್ಟ್ ಏನೂ ಮಾಡಿಲ್ಲ, ಸುಮ್ನೆ ವಿಚಾರಣೆಗೆ ಕರೆಸಿದ್ದೀವಿ." ಹಾಗಿದ್ದರೆ ನೋಟಿಸ್ ತೋರಿಸಿ ಸಾರ್ ಅಂತ ಮೆತ್ತಗೆ ಕೇಳಿ. 2024ರ ಜುಲೈ 1ರಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 35ನೇ ಸೆಕ್ಷನ್ ಪ್ರಕಾರ, 7 ವರ್ಷದವರೆಗಿನ ಶಿಕ್ಷೆಯ ಆರೋಪವಾದರೆ ಬಂಧಿಸಲೇಬೇಕಾದ ಕಾರಣ ಇಲ್ಲದಿದ್ದಾಗ ನೋಟಿಸ್ ಕೊಟ್ಟು ಕರೆಸಬೇಕು. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಅಂದಹಾಗೆ "ಡಿಜಿಟಲ್ ಅರೆಸ್ಟ್" ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕಾಲ್‌ನಲ್ಲಿ ಯೂನಿಫಾರಂ ಹಾಕಿಕೊಂಡು ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಬಂಧಿಸಿದ್ದೇ ನಿಜವಾದರೆ ಬಂಧನದ ಮೆಮೊ ಇರಬೇಕು. ದಿನ, ಸಮಯ, ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ, ಬಂಧಿತನ ಸಹಿ ಅದರಲ್ಲಿರಬೇಕು. ಇದು 1996ರಲ್ಲಿ ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮ. ಬಸು ಅವರು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರು. 1986ರಲ್ಲಿ, ಲಾಕಪ್ ಸಾವಿನ ಪತ್ರಿಕಾ ವರದಿಗಳನ್ನು ಲಗತ್ತಿಸಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯಾಗಿ ತಗೊಂಡಿತು. ಇವತ್ತು ನಿಮ್ಮ ಮನೆಗೆ ಪೊಲೀಸರು ಫೋನ್ ಮಾಡಿ "ನಿಮ್ಮವರನ್ನ ಬಂಧಿಸಿದ್ದೀವಿ" ಅಂತ ಹೇಳಲೇಬೇಕಾಗಿರುವುದರ ಹಿಂದೆ ಆ ಒಂದು ಪತ್ರ ಇದೆ.

ಮೆಮೊದಲ್ಲಿ ಸಮಯ ತಪ್ಪಿದ್ದರೆ ಸುಮ್ಮನೆ ಸಹಿ ಹಾಕಬೇಡಿ. "ನನಗೆ ತಿಳಿದ ಮಟ್ಟಿಗೆ ನಿನ್ನೆ ರಾತ್ರಿ 7.40ಕ್ಕೆ ಕರೆದೊಯ್ದಿದ್ದಾರೆ" ಅಂತ ಕೈಯಲ್ಲೇ ಬರೆದು, ಕೆಳಗೆ ಸಹಿ ಹಾಕಿ. ಬರೆಯಲು ಬಿಡದಿದ್ದರೆ ಸಹಿಯೇ ಬೇಡ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಬೇಡ.

ಎಫ್‌ಐಆರ್ ಪ್ರತಿ ಕೇಳಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು. ಈ ಆದೇಶ 2016ರಲ್ಲಿ ಬಂದದ್ದು ಯೂತ್ ಬಾರ್ ಅಸೋಸಿಯೇಷನ್ ಅನ್ನುವ ವಕೀಲರ ಸಂಘದ ಅರ್ಜಿಯಿಂದ. ಕರ್ನಾಟಕ ಪೊಲೀಸರ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ, ನಂಬರ್ ಹಾಕಿ ಹುಡುಕಬಹುದು. ಕ್ರೈಂ ನಂಬರ್, ಅಂದರೆ ಎಫ್‌ಐಆರ್‌ನ ಸಂಖ್ಯೆ, ಒಂದು ಸಿಕ್ಕರೆ ಸಾಕು, ವಕೀಲರು ಉಳಿದದ್ದನ್ನು ಕೋರ್ಟಿನಿಂದ ತೆಗೆಸುತ್ತಾರೆ. ಆ ನಂಬರನ್ನು ಠಾಣೆಯ ರೈಟರ್ (ಬರವಣಿಗೆ ಕೆಲಸ ನೋಡುವ ಪೊಲೀಸ್) ಹತ್ತಿರ ಕೇಳಿ. ಇನ್‌ಸ್ಪೆಕ್ಟರ್ ಕೊಡದಿದ್ದರೂ ರೈಟರ್ ಎಷ್ಟೋ ಸಲ ಕೊಡುತ್ತಾರೆ.

ಒಳಗೆ ಬಿಡದಿದ್ದರೆ ಊಟ ತಗೊಂಡು ಹೋಗಿ. ಇದು ಹಳೇ ಉಪಾಯ, ಇವತ್ತಿಗೂ ನಡೆಯುತ್ತದೆ. ಊಟ ಕೊಡುವ ನೆಪದಲ್ಲಿ ಅರ್ಧ ನಿಮಿಷ ಮುಖ ಕಾಣುತ್ತದೆ. ನಡೆಯುವಾಗ ಕುಂಟುತ್ತಿದ್ದಾನಾ, ಅಂಗೈ ಊದಿದೆಯಾ, ಬೆಳಿಗ್ಗೆ ಹಾಕಿಕೊಂಡಿದ್ದ ಅಂಗಿಯೇ ಮೈಮೇಲೆ ಇದೆಯಾ, ಅದನ್ನು ನೋಡಿ. ಮಾತ್ರೆ ಕೊಡುವುದಿದ್ದರೆ ಡಾಕ್ಟರ ಚೀಟಿಯೂ ಜೊತೆಗಿರಲಿ. ಹೊರಗೆ ಬಂದ ಕೂಡಲೇ ಕಂಡದ್ದನ್ನು ಬರೆದಿಡಿ.

ವಕೀಲರು ಬಂದರೆ ಅವರನ್ನು ಭೇಟಿ ಮಾಡುವ ಹಕ್ಕು ಬಂಧಿತನಿಗೆ ಇದೆ. ವಿಚಾರಣೆಯ ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ, ಆದರೆ ನಡುವೆ ಭೇಟಿ ಆಗಲೇಬೇಕು. ಇನ್ನು ಹೆಂಗಸರ ವಿಷಯ: ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಪಡೆದಿರಬೇಕು.

ರಿಮಾಂಡ್ ದಿನ

ವಕೀಲರ ಗುಂಪಿನ ನಿಜವಾದ ಕೆಲಸ ಕಾಣುವುದು ಇಲ್ಲಿ. ಟೀವಿಯಲ್ಲಿ ಕಾಣುವ ಹಾಗೆ ಭಾಷಣ ಏನೂ ಇರುವುದಿಲ್ಲ. ಐದು ನಿಮಿಷ, ಕೆಲವೊಮ್ಮೆ ಎರಡೇ ನಿಮಿಷ. ಭಾನುವಾರವಾದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ಆದ್ದರಿಂದ "ರಜಾ ಸಾರ್, ಸೋಮವಾರ ಹಾಜರ್ ಮಾಡ್ತೀವಿ" ಅಂದರೆ ನಂಬಬೇಡಿ. ರಜೆಗೂ 24 ಗಂಟೆಗೂ ಸಂಬಂಧವಿಲ್ಲ.

ಮನೆಯವರು ಮಾಡಬೇಕಾದ್ದು ಏನು? ಬೆಳಿಗ್ಗೆಯಿಂದಲೇ ಕೋರ್ಟ್ ಹತ್ತಿರ ಇರಿ. ವಕಾಲತ್ತಿಗೆ, ಅಂದರೆ ತನ್ನ ಪರ ವಾದಿಸಲು ವಕೀಲರಿಗೆ ಒಪ್ಪಿಗೆ ಕೊಡುವ ಪತ್ರಕ್ಕೆ, ಬಂಧಿತನ ಸಹಿ ಬೇಕು. ಪೊಲೀಸ್ ಗಾಡಿಯಿಂದ ಇಳಿದು ಕೋರ್ಟ್ ಹಾಲಿಗೆ ಹೋಗುವ ಆ ನಾಲ್ಕು ಹೆಜ್ಜೆಯಲ್ಲೇ ನಮ್ಮ ವಕೀಲರು ಪೆನ್ನು ಹಿಡಿದು ಓಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಸಲ ಪೆನ್ನು ಬರೆಯಲೇ ಇಲ್ಲ. ಬೆಂಗಾವಲಿಗಿದ್ದ ಕಾನ್‌ಸ್ಟೆಬಲ್ಲೇ ಜೇಬಿನಿಂದ ತಮ್ಮ ಪೆನ್ನು ತೆಗೆದು ಕೊಟ್ಟರು. ಹಾಗಾಗಿ ಎರಡು ಪೆನ್ನು ಇಟ್ಟುಕೊಳ್ಳಿ.

ಹೊಡೆದಿದ್ದರೆ ಹೇಳಬೇಕಾದ ಜಾಗ ಇದೇ. ಆಮೇಲೆ ಹೇಳಿದರೆ "ಅವತ್ತು ಯಾಕೆ ಹೇಳಲಿಲ್ಲ?" ಅನ್ನುವ ಪ್ರಶ್ನೆ ಕೇಸು ಮುಗಿಯುವವರೆಗೂ ಬೆನ್ನು ಬಿಡುವುದಿಲ್ಲ. ಬಂಧಿತನಿಗೆ ಊಟ ಕೊಡುವಾಗಲೇ ಒಂದು ಮಾತು ಹೇಳಿಕೊಟ್ಟಿರಿ: ಮ್ಯಾಜಿಸ್ಟ್ರೇಟ್ "ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದಾಗ ತಲೆ ತಗ್ಗಿಸಬೇಡ, ಎಲ್ಲಿ ಹೊಡೆದರು ಅಂತ ತೋರಿಸು. ಪೊಲೀಸರು ಪಕ್ಕದಲ್ಲೇ ನಿಂತಿರುತ್ತಾರೆ, ಹೆದರಿಕೆ ಆಗುತ್ತದೆ. ಅದಕ್ಕೇ ವಕೀಲರು ಅವರನ್ನು ದೂರ ನಿಲ್ಲಿಸಿ ಅಂತ ಕೇಳುತ್ತಾರೆ. ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿ ಬಂಧಿತನಿಗೂ ಸಿಗಬೇಕು. ಅದನ್ನೂ ಕೇಳಿ.

ವಕೀಲರು ಸಿಗಲೇ ಇಲ್ಲ ಅಂದರೆ ಏನೂ ಮುಳುಗಿಲ್ಲ. "ನನಗೆ ವಕೀಲರಿಲ್ಲ, ಬೇಕು" ಅಂತ ಬಂಧಿತನೇ ಹೇಳಬಹುದು. ಅಲ್ಲಿಂದ ಮುಂದೆ ಅದು ಕೋರ್ಟಿನ ಹೊಣೆ. ಮೊದಲ ಸಲ ಹಾಜರುಪಡಿಸಿದಾಗಲೇ ಈ ಹಕ್ಕನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದು ಯಾವ ಕೇಸಿನಲ್ಲಿ ಗೊತ್ತಾ? ಅಜ್ಮಲ್ ಕಸಬ್‌ನ ಕೇಸಿನಲ್ಲಿ. ಅವನಿಗೇ ಸಿಗಬೇಕಾದ್ದು ಅಂದಮೇಲೆ ನಿಮ್ಮ ಹುಡುಗನಿಗೆ ಇಲ್ಲ ಅನ್ನುವವರು ಯಾರು?

ಊರಿನ ವಕೀಲರೆಲ್ಲ "ಈ ಕೇಸು ಬೇಡ" ಅಂದರೆ

ಇದು ಆಗುತ್ತದೆ, ನಮ್ಮಲ್ಲೇ ಆಗಿದೆ. 2020ರ ಜನವರಿಯಲ್ಲಿ ಮೈಸೂರಿನಲ್ಲಿ ಪ್ರತಿಭಟನೆಯೊಂದರಲ್ಲಿ ಕಾಶ್ಮೀರದ ಬಗ್ಗೆ ಫಲಕ ಹಿಡಿದ ಯುವತಿಯ ಪರ ಯಾರೂ ವಕಾಲತ್ತು ಹಾಕಬಾರದು ಅಂತ ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಬೇರೆ ಊರುಗಳಿಂದ ವಕೀಲರು ಹೋಗಿ ವಕಾಲತ್ತು ಹಾಕಿದರು, ನಿರೀಕ್ಷಣಾ ಜಾಮೀನು ಸಿಕ್ಕಿತು. ಮುಂದಿನ ತಿಂಗಳು ಹುಬ್ಬಳ್ಳಿ. ಕಾಶ್ಮೀರದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು. ಮತ್ತೆ ಅಂಥದೇ ನಿರ್ಣಯ. ಬೆಂಗಳೂರಿನ ಒಂದಿಷ್ಟು ವಕೀಲರು ಸೇರಿ ಹೈಕೋರ್ಟಿಗೆ ಹೋದರು. ಜಾಮೀನು ಅರ್ಜಿ ಹಾಕಲು ಧಾರವಾಡಕ್ಕೆ ಹೋದವರಿಗೆ ಕೋರ್ಟ್ ಆವರಣದಲ್ಲೇ ಘೋಷಣೆ, ಅಡ್ಡಗಟ್ಟುವಿಕೆ. ಅವರಿಗೆ ಪೊಲೀಸ್ ರಕ್ಷಣೆ ಕೊಡಿಸಬೇಕಾಯಿತು. ಆ ವಿದ್ಯಾರ್ಥಿಗಳಿಗೆ ಕೊನೆಗೆ ಜಾಮೀನು ಸಿಕ್ಕಿದ್ದು ಜೂನ್‌ನಲ್ಲಿ, ಪೊಲೀಸರು ಗಡುವಿನೊಳಗೆ ಆರೋಪಪಟ್ಟಿ ಹಾಕಲಿಲ್ಲ ಅನ್ನುವ ಕಾರಣಕ್ಕೆ.

ಇಂಥ ನಿರ್ಣಯಗಳಿಗೆ ಬೆಲೆಯೇ ಇಲ್ಲ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪಿನ ಹಿನ್ನೆಲೆ ಸ್ವಾರಸ್ಯವಾಗಿದೆ. ಕೊಯಮತ್ತೂರಿನ ವಕೀಲರು ಅವತ್ತು ಬಹಿಷ್ಕರಿಸಿದ್ದು ಪೊಲೀಸರನ್ನು! ಪೊಲೀಸರಿಗೂ ವಕೀಲರು ಸಿಗಬೇಕು ಅಂತ ಕೊಟ್ಟ ತೀರ್ಪು ಹತ್ತು ವರ್ಷದ ಮೇಲೆ ಹುಬ್ಬಳ್ಳಿಯ ಹುಡುಗರ ಬೆನ್ನಿಗೆ ನಿಂತಿತು.

ಆದ್ದರಿಂದ ಊರಲ್ಲಿ ನಾಲ್ಕು ವಕೀಲರು ಬೇಡ ಅಂದರೆ, ಅವರ ಹತ್ತಿರ ಜಗಳಕ್ಕೆ ಹೋಗಬೇಡಿ. ಪಕ್ಕದ ಜಿಲ್ಲೆಯ ಗುಂಪಿಗೆ ಹೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತವಾಗಿ ಕೊಡಿ. ಅವರು ನ್ಯಾಯಾಧೀಶರು, ಸಂಘದ ನಿರ್ಣಯ ಅವರನ್ನು ಕಟ್ಟಿಹಾಕುವುದಿಲ್ಲ.

24 ಗಂಟೆ ಕಳೆದರೂ ಸುಳಿವಿಲ್ಲ ಅಂದರೆ

ಹೇಬಿಯಸ್ ಕಾರ್ಪಸ್ ಅರ್ಜಿ, ಅದೂ ಹೈಕೋರ್ಟಿನಲ್ಲಿ. "ಆ ವ್ಯಕ್ತಿಯನ್ನು ತಂದು ನಮ್ಮ ಮುಂದೆ ನಿಲ್ಲಿಸಿ" ಅಂತ ಕೋರ್ಟ್ ಹೇಳುವಂತೆ ಕೇಳುವುದು. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಕೊಪ್ಪಳ, ಬಳ್ಳಾರಿ, ವಿಜಯನಗರ, ಉತ್ತರ ಕನ್ನಡದವರಿಗೆ ಧಾರವಾಡ ಪೀಠ. ಎಷ್ಟೋ ಜನ ಗಾಬರಿಯಲ್ಲಿ ಬೆಂಗಳೂರಿನ ಬಸ್ಸು ಹತ್ತಿಬಿಡುತ್ತಾರೆ. ಕಾರವಾರದಿಂದ ಒಬ್ಬರು ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ನಿಂತದ್ದು, ನಾವು ವಾಪಸ್ ಧಾರವಾಡಕ್ಕೆ ಕಳಿಸಿದ್ದು ನೆನಪಿದೆ.

ಈ ಅರ್ಜಿಗೆ ಜೀವ ಕೊಡುವುದು ನೀವು ಮೊದಲ ರಾತ್ರಿ ಕಳಿಸಿದ ಆ ಇಮೇಲ್. ಅನೇಕ ಸಲ ಅರ್ಜಿ ಹಾಕಿದ ಸುದ್ದಿ ಮುಟ್ಟಿದ ಕೂಡಲೇ ಹುಡುಗ ಯಾವುದೋ ಮ್ಯಾಜಿಸ್ಟ್ರೇಟ್ ಮುಂದೆ ಪ್ರತ್ಯಕ್ಷನಾಗುತ್ತಾನೆ. ಅರ್ಜಿ ಅಲ್ಲಿಗೆ ಮುಗಿಯುತ್ತದೆ, ಆದರೆ ಕೆಲಸ ಆಗಿರುತ್ತದೆ.

ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರ ಪರವಾಗಿ ಇದೇ ಅರ್ಜಿ ಕರ್ನಾಟಕ ಹೈಕೋರ್ಟಿನಲ್ಲಿ ಬಂದಿತ್ತು. ಇಂಥ ಅರ್ಜಿ ಕೇಳಬಹುದು ಅಂತ ನಮ್ಮ ಹೈಕೋರ್ಟ್ ಹೇಳಿತು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟೇ ಒಪ್ಪಿಕೊಳ್ಳೋಕೆ 2017ರವರೆಗೆ ಕಾಯಬೇಕಾಯಿತು, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ.

ದಿನ ಎಣಿಸುತ್ತಿರಿ

ಮೊದಲ ರಿಮಾಂಡ್ ಆದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅಲ್ಲಿಂದ 60 ದಿನ, ದೊಡ್ಡ ಆರೋಪವಾದರೆ 90 ದಿನ. ಅಷ್ಟರೊಳಗೆ ಆರೋಪಪಟ್ಟಿ ಬರದಿದ್ದರೆ ಜಾಮೀನು ಕೇಳುವುದು ಹಕ್ಕು. ಆದರೆ ಆರೋಪಪಟ್ಟಿ ಬಂದುಬಿಡುವ ಮೊದಲೇ ಅರ್ಜಿ ಹಾಕಿರಬೇಕು. ಒಂದು ದಿನ ತಡವಾದರೂ ಹೋಯಿತು. ಯುಎಪಿಎಯಂಥ (ಕಾನೂನುಬಾಹಿರ ಚಟುವಟಿಕೆ ತಡೆ) ಕಾಯ್ದೆಯಲ್ಲಿ ಈ ಗಡುವು 180 ದಿನದವರೆಗೂ ಬೆಳೆಯಬಹುದು, ಅದನ್ನು ವಕೀಲರನ್ನು ಕೇಳಿಯೇ ಲೆಕ್ಕ ಹಾಕಿ. ವಕೀಲರಿಗೆ ನೂರು ಕೇಸಿರುತ್ತದೆ, ನಿಮಗೆ ಒಂದೇ. 55ನೇ ದಿನಕ್ಕೇ ಫೋನ್ ಮಾಡಿ ನೆನಪಿಸಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಪರವಾಗಿಲ್ಲ.

ಜಾಮೀನು ಸಿಕ್ಕಿತು, ಶ್ಯೂರಿಟಿ ಸಿಗಲಿಲ್ಲ. ಬಡವರ ಕೇಸು ಜಾಸ್ತಿ ನಿಲ್ಲುವುದು ಇಲ್ಲೇ. ಪಹಣಿ, ಕಂದಾಯದ ರಸೀದಿ, ಆಧಾರ್ ಹಿಡಿದು ಜಾಮೀನು ನಿಲ್ಲುವವರು ಎಲ್ಲಿ ಸಿಗಬೇಕು? ಆದೇಶವಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಆಗದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟೇ ನೋಡಬಹುದು. ಇದು 2023ರ ಜನವರಿಯ ಸುಪ್ರೀಂ ಕೋರ್ಟ್ ನಿರ್ದೇಶನ. ತಾನಾಗಿಯೇ ಆಗುತ್ತದೆ ಅಂತ ಕಾಯಬೇಡಿ, 8ನೇ ದಿನ ಅರ್ಜಿ ಕೊಡಿ.

ಹೊಡೆತದ ದೂರು

ಗಾಯದ ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ ಮಾಡಿಸಿ, ಅಂದರೆ ಗಾಯವನ್ನು ಕಾನೂನು ಪ್ರಕರಣ ಅಂತ ಡಾಕ್ಟರು ದಾಖಲಿಸುವಂತೆ ನೋಡಿಕೊಳ್ಳಿ. "ಬಿದ್ದು ಗಾಯ" ಅಂತ ಬರೆಸಬೇಡಿ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಏನಿಲ್ಲವೆಂದರೂ ಒಂದು ವರ್ಷ ಇಟ್ಟುಕೊಳ್ಳಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಇಂಥ ದಿನ, ಇಂಥ ಹೊತ್ತಿನ ದೃಶ್ಯ ಉಳಿಸಿ ಅಂತ ವಾರದೊಳಗೇ ಬರೆದು ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ, ಬಿಳಿ ಹಾಳೆಯಲ್ಲೇ ದೂರು ಕೊಡಬಹುದು. ಶುಲ್ಕವಿಲ್ಲ. ಘಟನೆ ಆಗಿ ಒಂದು ವರ್ಷದೊಳಗೆ ಕೊಡಬೇಕು. ರಾಜ್ಯ ಆಯೋಗಕ್ಕೂ ದೆಹಲಿಯ ಆಯೋಗಕ್ಕೂ ಒಟ್ಟಿಗೆ ಕಳಿಸಬೇಡಿ. ರಾಜ್ಯ ಆಯೋಗದ ಮುಂದಿರುವ ವಿಷಯವನ್ನು ದೆಹಲಿಯವರು ಕೈಗೆತ್ತಿಕೊಳ್ಳುವುದಿಲ್ಲ.

ತಡವಾಗುತ್ತದೆ, ಸುಳ್ಳು ಭರವಸೆ ಕೊಡಲಾರೆ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳ ಜನ ಪೊಲೀಸರ ಕೈಯಲ್ಲಿ ಅನುಭವಿಸಿದ್ದು 1990ರ ದಶಕದಲ್ಲಿ. ಅದರ ತನಿಖೆಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ರಚನೆಯಾದದ್ದು 1999ರಲ್ಲಿ. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ 89 ಜನರಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರಕ್ಕೆ ರಾಷ್ಟ್ರೀಯ ಆಯೋಗ ಹೇಳಿದ್ದು 2007ರಲ್ಲಿ. ಸಮಿತಿ ಮುಂದೆ ಸಾಕ್ಷಿ ಹೇಳೋಕೆ ಆ ಜನರಿಗೆ ಬೆಂಬಲ ಬೇಕಿತ್ತು, ಹೇಳಿಕೆ ಬರೆದುಕೊಳ್ಳುವವರು ಬೇಕಿತ್ತು. ನಾಗರಿಕ ಹಕ್ಕುಗಳ ಸಂಘಟನೆಗಳು, ವಕೀಲರು ಮಾಡಿದ್ದು ಆ ಕೆಲಸವನ್ನೇ.

ಒಂದು ಎಚ್ಚರಿಕೆ. ಗುಂಪಿನವರು ಪತ್ರಿಕೆಗೆ ಹೇಳೋಣ ಅಂದರೆ, ಹೆಸರು ಬರಬೇಕಾ ಬೇಡವಾ ಅನ್ನುವ ತೀರ್ಮಾನ ನಿಮ್ಮದು. ಅವರಿಗೆ ಇದು ಒಂದು ಪ್ರಕರಣ. ನೀವು ಅದೇ ಬೀದಿಯಲ್ಲಿ, ಅದೇ ಠಾಣೆಯ ಪಕ್ಕದಲ್ಲಿ ಬಾಳಬೇಕು. ಬೇಡ ಅನ್ನಿಸಿದರೆ ಬೇಡ ಅನ್ನಿ. ಒಳ್ಳೆಯ ಗುಂಪು ಎರಡನೇ ಸಲ ಕೇಳುವುದಿಲ್ಲ.

ಬಿಟ್ಟು ಬಂದ ಮೇಲೆ

ಜಾಮೀನು ಆದೇಶದ ದೃಢೀಕೃತ ಪ್ರತಿ ತೆಗೆಸಿ, ಜೆರಾಕ್ಸ್ ಮಾಡಿಸಿ ಒಂದು ಯಾವಾಗಲೂ ಜೇಬಿನಲ್ಲಿರಲಿ. ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕುವ ಷರತ್ತಿದ್ದರೆ ಪ್ರತಿ ಸಲ ಹೋದ ಹೊತ್ತನ್ನು ಅದೇ ಚೀಟಿಯಲ್ಲಿ ಬರೆಯಿರಿ. ಮೊಬೈಲು, ಬೈಕು ವಶಪಡಿಸಿಕೊಂಡಿದ್ದರೆ ಬಿಡಿಸಿಕೊಳ್ಳೋಕೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಬೈಕಿಗೆ ಆರ್‌ಸಿ, ವಿಮೆ. ಮೊಬೈಲಿಗೆ ಬಿಲ್ಲು. ಬಿಲ್ಲಿಲ್ಲದಿದ್ದರೆ ಡಬ್ಬದ ಮೇಲಿನ ಐಎಂಇಐ ನಂಬರಾದರೂ ಬೇಕಾಗುತ್ತದೆ, ಹಾಗಾಗಿ ಡಬ್ಬ ಎಸೆಯಬೇಡಿ.